ಹಳೆಯ ಆಟಕ್ಕೆ ಹೊಸ ರೂಪ ಕೊಡುವಾಗ ಕೈಯ ಲೆಕ್ಕ ಕೆಡಿಸಬೇಡಿ: ಗೇಮ್ ಡೆವಲಪರ್‌ಗಳಿಗೆ ಕೊಡಗಿನಿಂದ ಬಹಿರಂಗ ಪತ್ರ

ಹಳೆಯ ವಿಡಿಯೊ ಗೇಮ್‌ಗಳನ್ನು ಹೊಸ ಯಂತ್ರಗಳಿಗೆ ತಿದ್ದಿ ತರುತ್ತಿರುವ, ತರಬೇಕೆಂದಿರುವ ಬೆಂಗಳೂರು, ಮೈಸೂರು, ಮಂಗಳೂರಿನ ಡೆವಲಪರ್‌ಗಳಿಗೆ,

ನಮಸ್ಕಾರ. ನಾವು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದವರು. ಹಳೆಯ ಆಟಗಳನ್ನು ಇವತ್ತಿಗೂ ಆಡುವವರು, ಅವಕ್ಕೆ ಮಾಡ್ (ಆಟಗಾರರೇ ತಯಾರಿಸುವ ಬದಲಾವಣೆ) ಮಾಡುವವರು, ಬಿಡುಗಡೆಯಾದ ಮೂಲ ಕೋಡನ್ನು ಕೂತು ಓದುವವರು. ಹಳೆಯ ಆಟವನ್ನು ಮತ್ತೆ ತರುತ್ತೇವೆ ಎಂದು ಯಾರಾದರೂ ಹೇಳಿದಾಗ ನಮಗೆ ಖುಷಿಯ ಜೊತೆಗೆ ಆತಂಕವೂ ಆಗುತ್ತದೆ. ‘ಇನ್ನಷ್ಟು ನೈಜ’ ಎಂಬ ಮಾತು ಜಾಹೀರಾತಿನಲ್ಲಿ ಕಂಡರಂತೂ ಆತಂಕವೇ ಹೆಚ್ಚು. ನೈಜತೆ ಬೇಡವೆಂದು ನಾವು ಹೇಳುತ್ತಿಲ್ಲ. ಕಣ್ಣಿಗೆ ಕಾಣುವುದರಲ್ಲಿ ಅದನ್ನು ಧಾರಾಳವಾಗಿ ತನ್ನಿ. ಆದರೆ ಓಟದ ವೇಗ, ಜಿಗಿತದ ಕಾಲ, ತಿರುವಿನ ಹಿಡಿತ, ಕೀ ಒತ್ತಿದ ಮೇಲೆ ಪರದೆ ಅಲುಗಲು ಹಿಡಿಯುವ ಸಮಯ, ಇವೆಲ್ಲ ಆಟಗಾರನ ಕೈಗೆ ಸೇರಿದ ಅಂಕಿಗಳು. ಅವನ್ನು ಮೊದಲು ಅಳೆಯಿರಿ. ಬದಲಿಸಲೇಬೇಕೆಂದರೆ ಪ್ರತ್ಯೇಕ ಮೋಡ್‌ನಲ್ಲಿ ಬದಲಿಸಿ.

ಒಂದು ಅಂಕಿ ಕದಲಿದರೆ ಉಳಿದವು ಹೇಗೆ ಉರುಳುತ್ತವೆ ಎಂಬುದಕ್ಕೆ ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ 1993ರ ಆಟ ಡೂಮ್ ನೋಡಿ. ಅದರ ಮೂಲ ಕೋಡ್ 1997ರಲ್ಲೇ ಹೊರಬಂದಿರುವುದರಿಂದ ಇಲ್ಲಿ ಊಹೆ ಬೇಕಿಲ್ಲ. ಆಟದ ಗಡಿಯಾರ ಸೆಕೆಂಡಿಗೆ 35 ಬಾರಿ ಬಡಿಯುತ್ತದೆ. ಈ ಒಂದೊಂದು ಬಡಿತವೂ ಒಂದು ಟಿಕ್. ಓಡುವ ಆಟಗಾರನಿಗೆ ಪ್ರತಿ ಟಿಕ್‌ಗೆ 1.5625 ಯೂನಿಟ್ (ಆಟದೊಳಗಿನ ಉದ್ದದ ಅಳತೆ) ತಳ್ಳು ಸಿಗುತ್ತದೆ, ಘರ್ಷಣೆಯಿಂದ ವೇಗದ 0.90625 ಭಾಗ ಉಳಿಯುತ್ತದೆ. ಎರಡೂ ಸರಿದೂಗುವುದು ಟಿಕ್‌ಗೆ 16.67 ಯೂನಿಟ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 583 ಯೂನಿಟ್. ಆಟಗಾರನ ಎತ್ತರ 56 ಯೂನಿಟ್. ಅವನನ್ನು ಒಂದೂಮುಕ್ಕಾಲು ಮೀಟರ್ ಆಳು ಎಂದುಕೊಂಡರೆ ಈ ವೇಗ ಗಂಟೆಗೆ 65 ಕಿ.ಮೀ. ದಾಟುತ್ತದೆ. ಉಸೇನ್ ಬೋಲ್ಟ್ ಕೂಡ ಹಾಗೆ ಓಡಿದವರಲ್ಲ.

ಇದನ್ನು ‘ಸರಿಪಡಿಸಿ’ ಸೆಕೆಂಡಿಗೆ 6 ಮೀಟರ್ ಓಡುವ ಸೈನಿಕನನ್ನು ಮಾಡಿದಿರಿ ಎನ್ನಿ. ಅವನ ವೇಗ ಸೆಕೆಂಡಿಗೆ ಸುಮಾರು 190 ಯೂನಿಟ್‌ಗೆ ಇಳಿಯುತ್ತದೆ. ಇಂಪ್ ಎಂಬ ರಾಕ್ಷಸ ಎಸೆಯುವ ಬೆಂಕಿಯುಂಡೆ ಟಿಕ್‌ಗೆ 10, ಅಂದರೆ ಸೆಕೆಂಡಿಗೆ 350 ಯೂನಿಟ್ ವೇಗದಲ್ಲಿ ಬರುತ್ತದೆ. ಮೂಲ ಆಟದಲ್ಲಿ ಆಟಗಾರ ಬೆಂಕಿಯುಂಡೆಗಿಂತ ವೇಗವಾಗಿ ಓಡುತ್ತಾನೆ. ಅದೇ ಆ ಆಟದ ಜೀವ: ಒಂದೇ ಕೋಣೆಯಲ್ಲಿ ಹತ್ತು ರಾಕ್ಷಸರಿದ್ದರೂ ಸುತ್ತ ಓಡುತ್ತ ನುಸುಳಬಹುದು. ಹೊಸ ವೇಗದಲ್ಲಿ ಉಂಡೆ ಅವನಿಗಿಂತ ಸುಮಾರು ಎರಡು ಪಟ್ಟು ವೇಗದ್ದು. ಆಗ ನೀವು ಉಂಡೆಯನ್ನು ನಿಧಾನ ಮಾಡಬೇಕಾಗುತ್ತದೆ. ಅದನ್ನು ನಿಧಾನ ಮಾಡಿದರೆ ದೂರದ ರಾಕ್ಷಸರಿಂದ ಅಪಾಯವೇ ಉಳಿಯುವುದಿಲ್ಲ, ಆದ್ದರಿಂದ ಅವರ ಸಂಖ್ಯೆ ಬದಲಿಸಬೇಕು. ಸಂಖ್ಯೆ ಬದಲಾದರೆ ಗುಂಡುಗಳ ಲೆಕ್ಕ ಕೆಡುತ್ತದೆ. ಅಷ್ಟೊತ್ತಿಗೆ ಕೋಣೆಗಳು ತೀರಾ ದೊಡ್ಡವೆನಿಸತೊಡಗುತ್ತವೆ, ನಕ್ಷೆಯನ್ನೇ ಹೊಸದಾಗಿ ಬರೆಯಬೇಕು. ಓಟದ ವೇಗ ಒಂದನ್ನು ತಿದ್ದಲು ಹೊರಟವರು ಕೊನೆಗೆ ಬೇರೆಯೇ ಆಟ ಮಾಡಿರುತ್ತಾರೆ. ಬಂದೂಕಿಗೆ ಮ್ಯಾಗಜಿನ್ ಬದಲಿಸುವ ಚಲನೆ ಸೇರಿಸುವುದೂ ಇದೇ ಜಾತಿಯ ತಿದ್ದುಪಡಿ. ನೋಡಲು ಸಣ್ಣದು, ಆದರೆ ಎರಡು ಸೆಕೆಂಡು ಗುಂಡು ಹಾರಿಸಲಾಗದ ಆಟಗಾರನಿಗೆ ಆ ಕೋಣೆಗಳನ್ನು ಯಾರೂ ಕಟ್ಟಿರಲಿಲ್ಲ.

ರೇಸಿಂಗ್ ಆಟಗಳ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದಷ್ಟು ನೆಲದ ಅನುಭವವಿದೆ. 1986ರ ಔಟ್‌ರನ್‌ನಂಥ ಆಟಗಳಲ್ಲಿ ನಿಜವಾದ ತಿರುವೇ ಇಲ್ಲ. ರಸ್ತೆಯನ್ನು ಅಡ್ಡಗೆರೆಗಳಾಗಿ ಬಿಡಿಸಿ, ಒಂದೊಂದು ಗೆರೆಯನ್ನೂ ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಸಿದಾಗ ತಿರುವು ಕಂಡಂತಾಗುತ್ತದೆ. ವೇಗ ಹೆಚ್ಚಿದಷ್ಟೂ ಕಾರನ್ನು ಹೊರಗಡೆಗೆ ತಳ್ಳುವ ಒಂದು ಲೆಕ್ಕ, ಅದನ್ನು ಎದುರಿಸಿ ಸ್ಟೀರಿಂಗ್ ಹಿಡಿಯುವ ಆಟಗಾರ, ಇಷ್ಟೇ. ಇಂಥ ರಸ್ತೆಯನ್ನು ಹಾಗೇ ಮೂರು ಆಯಾಮಕ್ಕೆ ಎತ್ತಿ ಟೈರಿನ ನಿಜವಾದ ಹಿಡಿತ ಕೊಟ್ಟರೆ ಏನಾಗುತ್ತದೆ?

ಲೆಕ್ಕ ಸರಳ. ತಿರುವಿನಲ್ಲಿ ಜಾರದೆ ಹೋಗಬಹುದಾದ ವೇಗವೆಂದರೆ ಹಿಡಿತದ ಗುಣಾಂಕ, ಗುರುತ್ವ, ತಿರುವಿನ ತ್ರಿಜ್ಯ ಮೂರನ್ನೂ ಗುಣಿಸಿ ತೆಗೆದ ವರ್ಗಮೂಲ. ಸಂಪಾಜೆ ಘಾಟಿಯಲ್ಲಿ ಕಾಣುವಂಥ ಬಿಗಿಯಾದ ಹೇರ್‌ಪಿನ್‌ಗೆ 15 ಮೀಟರ್ ತ್ರಿಜ್ಯ ಇಟ್ಟುಕೊಳ್ಳಿ. ಒಣ ಡಾಂಬರಿಗೆ ಗುಣಾಂಕ 0.7 ಎಂದರೆ ಗಂಟೆಗೆ 36 ಕಿ.ಮೀ.; ಒದ್ದೆ ರಸ್ತೆಗೆ 0.4 ಎಂದರೆ 27 ಕಿ.ಮೀ. ಹಳೆಯ ಆಟ ಅದೇ ತಿರುವನ್ನು 120ರಲ್ಲಿ ದಾಟಿಸುತ್ತದೆ. ಅದಕ್ಕೆ ಬೇಕಾದ ಹಿಡಿತ ಗುರುತ್ವದ ಏಳೂವರೆ ಪಟ್ಟು, ಯಾವ ರಸ್ತೆ ಟೈರಿಗೂ ಇಲ್ಲದ್ದು. ನಿಜವಾದ ಹಿಡಿತದಲ್ಲೇ 120ರಲ್ಲಿ ಹೋಗಬೇಕೆಂದರೆ ತಿರುವಿನ ತ್ರಿಜ್ಯ 160 ಮೀಟರ್ ಮೀರಬೇಕು; 200ರಲ್ಲಿ ಹೋಗಬೇಕೆಂದರೆ 450 ಮೀಟರ್. ಅಷ್ಟಾದರೆ ಅದು ಘಾಟಿ ರಸ್ತೆಯಾಗಿ ಕಾಣುವುದಿಲ್ಲ, ಎಕ್ಸ್‌ಪ್ರೆಸ್‌ವೇ ಆಗಿ ಕಾಣುತ್ತದೆ.

ಹಾಗಾಗಿ ಎರಡರಲ್ಲೊಂದನ್ನು ಆರಿಸಿಕೊಳ್ಳಿ. ರಸ್ತೆಯ ಆಕಾರ ಉಳಿಯಬೇಕೋ, ವೇಗ ಉಳಿಯಬೇಕೋ? ಹೆಚ್ಚಿನವರು ಎರಡನ್ನೂ ಉಳಿಸಿಕೊಂಡು ಹಿಡಿತವನ್ನು ಮಾತ್ರ ನೈಜ ಮಾಡಲು ಹೋಗುತ್ತಾರೆ. ಆಗ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿ ನಿಲ್ಲಬೇಕಾದ, ಗಡಿಯಾರದ ಎದುರು ಎಂದೂ ಗೆಲ್ಲಲಾಗದ ಆಟ ಸಿಗುತ್ತದೆ. ನಮ್ಮ ಸಲಹೆ: ಹಿಡಿತದ ಗುಣಾಂಕವನ್ನು ಮೂಲ ಆಟದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ತೆಗೆಯಿರಿ, 5 ಬರಲಿ 7 ಬರಲಿ ಹೆದರಬೇಡಿ. ನೈಜತೆಯನ್ನು ಸಸ್ಪೆನ್ಷನ್ ಕುಗ್ಗುವುದರಲ್ಲಿ, ಬಾಡಿ ವಾಲುವುದರಲ್ಲಿ, ಟೈರಿನ ಸದ್ದಿನಲ್ಲಿ, ಚಕ್ರದಿಂದ ಚಿಮ್ಮುವ ನೀರಿನಲ್ಲಿ ತೋರಿಸಿ. ಕಾರು ವಾಲಿದ್ದು ಕಂಡರೆ ಕಣ್ಣು ನಂಬುತ್ತದೆ, ಒಳಗಿನ ಗುಣಾಂಕವನ್ನು ಕೇಳುವುದಿಲ್ಲ.

ಇನ್ನು ಮಂಜು. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇವೆ, ಯಾಕೆಂದರೆ ಇಲ್ಲೇ ಅತಿ ಹೆಚ್ಚು ಕೆಡುಕಾಗಿದೆ.

ಹಳೆಯ ಯಂತ್ರಗಳು ದೂರದ ಮರ, ಕಟ್ಟಡಗಳನ್ನೆಲ್ಲ ಬಿಡಿಸಲಾರದೆ ಮಂಜು ಹಾಕುತ್ತಿದ್ದವು. 1999ರ ಭಯಾನಕ ಆಟ ಸೈಲೆಂಟ್ ಹಿಲ್‌ನಲ್ಲಿ ಆ ಮಂಜೇ ಊರಿನ ಭಯವಾಯಿತು. ಸರಣಿಯ ಮುಂದಿನ ಎರಡು ಆಟಗಳನ್ನು 2012ರಲ್ಲಿ ಎಚ್‌ಡಿಗೆ ತಂದಾಗ ಮಂಜು ತೆಳುವಾಗಿ, ಕಾಣಬಾರದ ನಕ್ಷೆಯ ಅಂಚುಗಳು ಕಂಡವು. ಅಂತಿಮ ಬಿಡುಗಡೆಯ ಕೋಡ್ ಸಿಗದೆ ಅಪೂರ್ಣ ಕೋಡ್‌ನಿಂದ ಕೆಲಸ ಮಾಡಬೇಕಾಗಿ ಬಂದದ್ದು ಇದರ ಹಿಂದಿನ ಕಾರಣಗಳಲ್ಲೊಂದು. 2021ರ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೊ) ಟ್ರಿಲಜಿಯ, ಅಂದರೆ ಮೂರು ಹಳೆಯ ಆಟಗಳ ಹೊಸ ಆವೃತ್ತಿಯಲ್ಲಿ ಮಂಜು ತೆಗೆದಾಗ, ಒಂದು ಇಡೀ ರಾಜ್ಯದಂತೆ ಅನಿಸುತ್ತಿದ್ದ ಸ್ಯಾನ್ ಆ್ಯಂಡ್ರಿಯಾಸ್ ಆಟದ ನಕ್ಷೆ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದೆಂದು ಬಯಲಾಯಿತು. ಅದರ ಮಳೆ ದಪ್ಪ ಬಿಳಿ ಗೆರೆಗಳಾಗಿ ಎದುರಿನದೆಲ್ಲ ಮರೆಯಾಯಿತು. ಹಳೆಯ ಬೆಳಕನ್ನು ಮರಳಿ ತರುವ ಪ್ಯಾಚ್ ಬಂದದ್ದು 2024ರಲ್ಲಿ, ಮೂರು ವರ್ಷ ಕಳೆದ ಮೇಲೆ.

ಯಂತ್ರದ ಮಿತಿಗೆ ಹಾಕಿದ ಮಂಜು ಮಿತಿ ಹೋದ ಮೇಲೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಮಡಿಕೇರಿಯಲ್ಲಿ ಜುಲೈ ತಿಂಗಳ ಮಧ್ಯಾಹ್ನ ರಾಜಾಸೀಟ್ ಕಡೆ ನಿಂತರೆ ಎದುರಿನ ಬೆಟ್ಟವೇ ಇಲ್ಲ. ಮಂಜು ಕೂಡ ನೈಜವೇ. ಸ್ಪಷ್ಟವಾಗಿ ಕಾಣುವುದೆಲ್ಲ ನೈಜ, ಮಸುಕಾದದ್ದೆಲ್ಲ ಹಳೆಯ ಯಂತ್ರದ ದೋಷ ಎಂಬ ಲೆಕ್ಕ ತಪ್ಪು. ಹಾಗೆಂದು ನಿಜವಾದ ಮಂಜನ್ನು ಅಳೆದು ತಂದು ಹಾಕಿದರೂ ಆಟ ಕೆಡುತ್ತದೆ. 20 ಮೀಟರ್ ಮಾತ್ರ ಕಾಣುವ ಮಂಜಿನಲ್ಲಿ, ಒದ್ದೆ ರಸ್ತೆಯಲ್ಲಿ, ಪ್ರತಿಕ್ರಿಯೆಗೆ ಒಂದು ಸೆಕೆಂಡು ಹಿಡಿದರೆ, ಕಂಡಷ್ಟರೊಳಗೆ ನಿಲ್ಲಿಸಬಹುದಾದ ವೇಗ ಗಂಟೆಗೆ 33 ಕಿ.ಮೀ. ಮಾತ್ರ. ರೇಸಿಂಗ್ ಆಟದ ಕಾರು ಸೆಕೆಂಡಿಗೆ 55 ಮೀಟರ್ ಓಡುತ್ತಿರುತ್ತದೆ. ಆದ್ದರಿಂದ ಮಂಜಿನ ದೂರವನ್ನು ಮೀಟರಿನಲ್ಲಿ ಇಡಬೇಡಿ, ಸೆಕೆಂಡಿನಲ್ಲಿ ಇಡಿ. ಮೂಲ ಆಟದಲ್ಲಿ ವಸ್ತುವೊಂದು ಮಂಜಿನಿಂದ ಹೊರಬಂದ ಕ್ಷಣದಿಂದ ಕಾರಿಗೆ ತಾಗುವ ಕ್ಷಣದವರೆಗೆ ಎಷ್ಟು ಕಾಲವಿದೆ ಎಂದು ಎಣಿಸಿ. ಅದು 3 ಸೆಕೆಂಡು ಎಂದಾದರೆ ಹೊಸ ಆಟದಲ್ಲೂ 3 ಸೆಕೆಂಡೇ ಇರಲಿ. 55 ಮೀಟರ್ ವೇಗಕ್ಕೆ ಅದು 165 ಮೀಟರ್ ಆಗುತ್ತದೆ. ಆ ಗಡಿಯಾಚೆ ಬೆಟ್ಟದ ಗೆರೆಯನ್ನು ಬೇಕಾದಷ್ಟು ಚಂದ ಮಾಡಿ, ಆದರೆ ಡಿಕ್ಕಿ ಹೊಡೆಯಬಹುದಾದ ಯಾವುದೂ ಅಲ್ಲಿಂದ ಮೊದಲೇ ಕಾಣಬಾರದು.

ಮಳೆಗೂ ಒಂದು ಮಾತು. ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. 60 ಫ್ರೇಮ್‌ನ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಫ್ರೇಮಿಗೆ 15 ಸೆಂಟಿಮೀಟರ್. ಅಷ್ಟುದ್ದದ, ಬಹುತೇಕ ಪಾರದರ್ಶಕವಾದ ಗೆರೆ ಸಾಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯನ್ನು ಕಂಡವರಿಗೆ ಗೊತ್ತು: ಬೆಳ್ಳನೆಯ ಆಕಾಶದ ಎದುರು ಹನಿ ಕಾಣುವುದೇ ಇಲ್ಲ. ಕಪ್ಪು ಮರದ ಎದುರು, ಗಾಡಿಯ ಲೈಟಿನ ಎದುರು ಮಾತ್ರ ಕಾಣುತ್ತದೆ. ಮಳೆ ಜೋರಾಗಿದೆ ಎಂದು ತಿಳಿಯುವುದು ದೂರದ ಸಿಲ್ವರ್ ಓಕ್ ಸಾಲು ಬೂದಿ ಬಣ್ಣಕ್ಕೆ ತಿರುಗುವುದರಿಂದ, ನೆಲದ ಮೇಲೆ ಹನಿ ಒಡೆದು ಏಳುವ ತುಂತುರಿನಿಂದ, ಹೆಂಚಿನ ಮೇಲಿನ ಸದ್ದಿನಿಂದ. ಗೆರೆಗಳನ್ನು ಕಡಿಮೆ ಮಾಡಿ ಈ ಮೂರನ್ನು ಹೆಚ್ಚಿಸಿದರೆ ಮಳೆ ಹೆಚ್ಚು ನೈಜವೂ ಆಗುತ್ತದೆ, ಆಟಗಾರನಿಗೆ ದಾರಿಯೂ ಕಾಣುತ್ತದೆ. ನೈಜತೆಗೂ ಆಟಕ್ಕೂ ಜಗಳವೇ ಇಲ್ಲದ ಇಂಥ ಜಾಗಗಳು ಬಹಳಷ್ಟಿವೆ. ನಿಮ್ಮ ಕಲಾವಿದರ ಶ್ರಮ ಅಲ್ಲಿಗೆ ಹೋಗಲಿ.

ಜಿಗಿತಕ್ಕೆ ಬಂದರೆ, 2 ಮೀಟರ್ ಜಿಗಿದು ಇಳಿಯಲು ಭೂಮಿಯ ಗುರುತ್ವದಲ್ಲಿ 1.28 ಸೆಕೆಂಡು ಬೇಕು. ಆಟದಲ್ಲಿ ಇದು ತೇಲಿದಂತೆ ಅನಿಸುತ್ತದೆ. 0.7 ಸೆಕೆಂಡಿನಲ್ಲಿ ಮುಗಿಸಬೇಕಾದರೆ ಗುರುತ್ವ 9.8 ಬದಲು 32.7 ಇರಬೇಕು, ಮೂರು ಪಟ್ಟಿಗೂ ಹೆಚ್ಚು. ಹೊಸ ಎಂಜಿನ್‌ಗೆ (ಆಟವನ್ನು ಓಡಿಸುವ ಮೂಲ ತಂತ್ರಾಂಶಕ್ಕೆ) ಆಟವನ್ನು ತಂದಾಗ ಎಂಜಿನ್‌ನ ಡೀಫಾಲ್ಟ್ 9.81 ಹಾಗೇ ಉಳಿದುಬಿಡುವುದು ಸಾಮಾನ್ಯ ಎಡವಟ್ಟು. ಮೊದಲ ದಿನವೇ ನೋಡಿಕೊಳ್ಳಿ. ಸಣ್ಣ ವ್ಯತ್ಯಾಸವೂ ಸಣ್ಣದಲ್ಲ. ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ತಲೆಯಿಂದ ಇಟ್ಟಿಗೆ ಒಡೆದ ಮಾರಿಯೊ ತಕ್ಷಣ ಕೆಳಗೆ ಬರುತ್ತಾನೆ. 1993ರ ಆಲ್-ಸ್ಟಾರ್ಸ್ ಆವೃತ್ತಿಯಲ್ಲಿ ಒಡೆದ ಮೇಲೂ ಮೇಲಕ್ಕೇ ಹೋಗುತ್ತಾನೆ. ಚಿತ್ರ, ಬಣ್ಣ ಎಲ್ಲ ಮೇಲಾದರೂ ಹಳೆಯ ಆಟಗಾರರು ಇವತ್ತಿಗೂ ಮೊದಲು ಎತ್ತಿ ಹೇಳುವುದು ಆ ಒಂದು ವ್ಯತ್ಯಾಸವನ್ನೇ.

ದೇಹದ ಚಲನೆಯನ್ನು ಮೋಷನ್ ಕ್ಯಾಪ್ಚರ್‌ನಿಂದ (ನಿಜವಾದ ಮನುಷ್ಯನ ಚಲನೆಯನ್ನು ದಾಖಲಿಸಿ) ತರುವವರು ಇನ್ನೊಂದನ್ನು ಗಮನಿಸಿ. ನಿಜವಾದ ಮನುಷ್ಯ ಜಿಗಿಯುವ ಮೊದಲು ಮೊಣಕಾಲು ಮಡಚುತ್ತಾನೆ. ಅದಕ್ಕೆ 150 ಮಿಲಿಸೆಕೆಂಡು ಹಿಡಿದರೆ 60 ಫ್ರೇಮ್‌ನ ಆಟದಲ್ಲಿ 9 ಫ್ರೇಮ್ ಹೋಯಿತು. ಮೂಲ ಆಟದಲ್ಲಿ ಬಟನ್ ಒತ್ತಿದ ಫ್ರೇಮಿನಲ್ಲೇ ಪಾತ್ರ ನೆಲ ಬಿಡುತ್ತಿತ್ತು ಎಂದಾದರೆ, ಲೆಕ್ಕದಲ್ಲಿ ದೇಹವನ್ನು ಆ ಫ್ರೇಮಿನಲ್ಲೇ ಎತ್ತಿಬಿಡಿ. ಮೊಣಕಾಲಿನ ಚಲನೆಯನ್ನು ಗಾಳಿಯಲ್ಲಿರುವಾಗ ಬೆರೆಸಿ, ಇಳಿದ ಮೇಲೆ ಬಗ್ಗುವುದನ್ನು ಉದ್ದ ಮಾಡಿ. ಭಾರ ಕಾಣುವುದು ಇಳಿದಾಗಲೇ.

ಆದರೆ ಇದೇ ಮಾತನ್ನು ಪ್ರಿನ್ಸ್ ಆಫ್ ಪರ್ಷಿಯಾಕ್ಕೆ ಹೇಳಲು ಬರುವುದಿಲ್ಲ. ಅದನ್ನು ರಚಿಸಿದ ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಒಂದೊಂದು ಚೌಕಟ್ಟನ್ನೂ ನೋಡಿ ಬಿಡಿಸಿದ ಚಲನೆ ಅದು. 1989ರ ಆ ಆಟದಲ್ಲಿ ರಾಜಕುಮಾರ ಓಡತೊಡಗಿದರೆ ಥಟ್ಟನೆ ನಿಲ್ಲುವುದಿಲ್ಲ, ಕಾಲು ಜಾರಿಸಿಯೇ ನಿಲ್ಲುತ್ತಾನೆ. ಅಂಚಿಗೆ ಹೋಗಬೇಕಾದರೆ ಶಿಫ್ಟ್ ಒತ್ತಿ ಒಂದೊಂದೇ ಹೆಜ್ಜೆ ಇಡಬೇಕು. 60 ನಿಮಿಷದ ಗಡುವು ಬೆನ್ನ ಮೇಲಿರುವಾಗ ಯಾವಾಗ ಓಡಬೇಕು, ಯಾವಾಗ ಹೆಜ್ಜೆಯಿಡಬೇಕು ಎಂಬುದೇ ಆಟ. ಇಲ್ಲಿ ನೈಜತೆಯೇ ನಿಯಮ. ಇದನ್ನು ಈಗಿನ ಅಭಿರುಚಿಗೆಂದು ಚುರುಕುಗೊಳಿಸಿದರೆ ಮೊನಚು ಸಲಾಕೆಗಳಿರುವ ಗುಂಡಿಗಳಿಗೆ ಅರ್ಥವೇ ಇರುವುದಿಲ್ಲ. ಹಾಗಾಗಿ ‘ನೈಜ ಬೇಡ’, ‘ನೈಜ ಬೇಕು’ ಎಂಬ ಒಂದೇ ಸೂತ್ರ ಹಿಡಿದು ಹೊರಡಬೇಡಿ. ಆಟಗಾರ ಪ್ರತಿ ಕ್ಷಣ ಏನನ್ನು ನಿರ್ಧರಿಸುತ್ತಿದ್ದಾನೆ ಎಂದು ಕೇಳಿಕೊಳ್ಳಿ. ಆ ನಿರ್ಧಾರವನ್ನು ಹುಟ್ಟಿಸುವ ಅಂಕಿಯನ್ನು ಮುಟ್ಟಬೇಡಿ.

ಚಿತ್ರ ಮತ್ತು ಡಿಕ್ಕಿಯ ಅಂಚು (ಪಾತ್ರ, ಗುಂಡು ತಾಗಿ ನಿಲ್ಲುವುದನ್ನು ಆಟ ಲೆಕ್ಕ ಹಾಕುವ ಕಾಣದ ಗಡಿ) ಹೊಂದದೆ ಹೋಗುವುದು ಇನ್ನೊಂದು ದೊಡ್ಡ ತೊಡಕು. 2011ರ ಹೇಲೋ ಆನಿವರ್ಸರಿಯಲ್ಲಿ ಕೆಳಗೆ ಹಳೆಯ ಎಂಜಿನ್, ಮೇಲೆ ಹೊಸ ಚಿತ್ರ. ಒಂದು ಬಟನ್‌ನಿಂದ ಎರಡರ ನಡುವೆ ಬದಲಾಯಿಸಬಹುದಾಗಿದ್ದದ್ದು ಒಳ್ಳೆಯ ಏರ್ಪಾಡು. ಆದರೆ ಬಂಡೆಗೆ ಹೊಸದಾಗಿ ಕೊಟ್ಟ ಉಬ್ಬುತಗ್ಗು ಹಳೆಯ ಡಿಕ್ಕಿ ಆಕಾರಕ್ಕೆ ಕೆಲವೆಡೆ ಹೊಂದದೆ, ಏನೂ ಇಲ್ಲದ ಗಾಳಿಯಲ್ಲಿ ಗುಂಡು ತಡೆಯುವುದು, ಮರೆ ಎಂದುಕೊಂಡ ಜಾಗದಲ್ಲಿ ಪೆಟ್ಟು ಬೀಳುವುದು ಆಯಿತು. ಡಿಕ್ಕಿ ಆಕಾರಗಳನ್ನು ಕೆಂಪು ಗೆರೆಯಲ್ಲಿ ಹೊಸ ಚಿತ್ರದ ಮೇಲೆ ಬಿಡಿಸಿ ಪ್ರತಿ ಹಂತವನ್ನೂ ನಡೆದು ನೋಡಿ. ಎರಡರ ವ್ಯತ್ಯಾಸ ಪಾತ್ರದ ಅಗಲದ ಹತ್ತನೇ ಒಂದು ಭಾಗ ಮೀರಿದ ಕಡೆಯೆಲ್ಲ ಚಿತ್ರವನ್ನು ಒಳಕ್ಕೆ ಎಳೆಯಿರಿ, ಡಿಕ್ಕಿ ಆಕಾರವನ್ನು ಹೊರಕ್ಕೆ ಹಿಗ್ಗಿಸಬೇಡಿ.

ಅಗಲ ಪರದೆಯೂ ಬಿಟ್ಟಿಯಾಗಿ ಬರುವುದಿಲ್ಲ. 4:3ರಲ್ಲಿ 90 ಡಿಗ್ರಿ ಕಾಣುತ್ತಿದ್ದ ಆಟ 16:9ರಲ್ಲಿ ಅದೇ ಎತ್ತರಕ್ಕೆ 106 ಡಿಗ್ರಿ ತೋರಿಸುತ್ತದೆ. ಮೂಲೆಯಲ್ಲಿ ಅಡಗಿದ ಶತ್ರು ಮೊದಲೇ ಸಿಕ್ಕಿಬೀಳುತ್ತಾನೆ. ಪಕ್ಕಕ್ಕೆ ಸರಿಯುವ ಆಟಗಳಲ್ಲಂತೂ ಪರದೆಯಂಚಿನಲ್ಲಿ ಶತ್ರುಗಳು ಹುಟ್ಟುವುದೇ ಕಣ್ಣಿಗೆ ಬೀಳುತ್ತದೆ. ಹಾಗೆಯೇ 320×200ರ ಡಾಸ್ ಆಟಗಳ ಪಿಕ್ಸೆಲ್ ಚೌಕವಲ್ಲ, ಅಗಲಕ್ಕಿಂತ 1.2 ಪಟ್ಟು ಎತ್ತರ. ಚೌಕವೆಂದು ಹಿಗ್ಗಿಸಿದರೆ ಎಲ್ಲರೂ ಕುಳ್ಳಗಾಗುತ್ತಾರೆ. ಅಡ್ಡಕ್ಕೆ 5 ಪಟ್ಟು, ಉದ್ದಕ್ಕೆ 6 ಪಟ್ಟು ಮಾಡಿದರೆ 1600×1200 ಸರಿಯಾಗಿ ಕೂರುತ್ತದೆ.

ಅಳೆಯುವುದು ಹೇಗೆ ಎಂದು ಕೇಳಿದರೆ, ನಾವು ಮಾಡುವ ಕ್ರಮ ಇದು. ಮೂಲ ಯಂತ್ರ ಸಿಕ್ಕಿದರೆ ಮೂಲ ಯಂತ್ರ, ಇಲ್ಲದಿದ್ದರೆ ನಿಖರವಾದ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ). ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲ್ ಕ್ಯಾಮೆರಾದಲ್ಲಿ ಬೆರಳು, ಪರದೆ ಎರಡೂ ಕಾಣುವಂತೆ ಹಿಡಿಯಿರಿ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಪಾತ್ರ ಅಲುಗಿದ ಫ್ರೇಮಿನವರೆಗೆ ಎಣಿಸಿ 4.17 ಮಿಲಿಸೆಕೆಂಡಿನಿಂದ ಗುಣಿಸಿ. ಒಂದು ಅಳತೆ ನಂಬಬೇಡಿ. ಇಪ್ಪತ್ತು ಬಾರಿ ಅಳೆದು ನಡುವಿನದನ್ನು ತೆಗೆದುಕೊಳ್ಳಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿಯೇ ಅಳೆಯಿರಿ, ಇಲ್ಲವಾದರೆ ಟಿವಿಯ ತಡವನ್ನು ಆಟದ ತಲೆಗೆ ಕಟ್ಟಿದಂತಾಗುತ್ತದೆ. ಹೊಸ ಆವೃತ್ತಿ ಮೂಲಕ್ಕಿಂತ ಒಂದು ಫ್ರೇಮ್, 16.7 ಮಿಲಿಸೆಕೆಂಡಿಗಿಂತ ಹೆಚ್ಚು ತಡ ಮಾಡಬಾರದು.

ಎರಡನೆಯದು, ಆಟದ ಲೆಕ್ಕವನ್ನೂ ಚಿತ್ರ ಬಿಡಿಸುವುದನ್ನೂ ಬೇರ್ಪಡಿಸಿ. ಲೆಕ್ಕ ಮೂಲದಂತೆ 35ರಲ್ಲೋ 60ರಲ್ಲೋ ನಡೆಯಲಿ. 144 ಹರ್ಟ್ಸ್ ಪರದೆಗೆ ಎರಡು ಸ್ಥಿತಿಗಳ ನಡುವಿನ ಚಿತ್ರವನ್ನು ಲೆಕ್ಕ ಹಾಕಿ ತುಂಬಿ. ಹೀಗೆ ತುಂಬುವುದರಿಂದ ಹೆಚ್ಚೆಂದರೆ ಒಂದು ಟಿಕ್ ತಡವಾಗುತ್ತದೆ, 35ಕ್ಕೆ 28.6 ಮಿಲಿಸೆಕೆಂಡು. ಅದು ನಮ್ಮ ಮಿತಿಯನ್ನು ಮೀರುವುದರಿಂದ ಮೌಸ್ ತಿರುಗಿಸುವುದನ್ನು ಮಾತ್ರ ಕಾಯಿಸದೆ ನೇರ ತೋರಿಸಿ. ಡೂಮ್‌ನ ಸಂಖ್ಯೆಗಳು 16.16 ಸ್ಥಿರಬಿಂದುವಿನವು, ಅಂದರೆ ಪೂರ್ಣಾಂಕಕ್ಕೆ 16 ಬಿಟ್, ಭಿನ್ನಾಂಶಕ್ಕೆ 16 ಬಿಟ್. ಅವನ್ನು ಫ್ಲೋಟ್‌ಗೆ (ತೇಲುಬಿಂದು ಸಂಖ್ಯೆಗೆ) ಬದಲಿಸಿದರೆ ಮೊದಮೊದಲು ಏನೂ ತಿಳಿಯುವುದಿಲ್ಲ, ಆಮೇಲೆ ಹಳೆಯ ಡೆಮೊ ಓಡಿಸಿದಾಗ ಪಾತ್ರ ಗೋಡೆಗೆ ಹೋಗಿ ನಿಲ್ಲುತ್ತದೆ.

ಆ ಡೆಮೊಗಳೇ ನಿಮ್ಮ ಅತ್ಯುತ್ತಮ ಪರೀಕ್ಷೆ. ಡೆಮೊ ಎಂದರೆ ವಿಡಿಯೊ ಅಲ್ಲ, ಪ್ರತಿ ಟಿಕ್‌ನಲ್ಲಿ ಒತ್ತಿದ ಕೀಗಳ ದಾಖಲೆ. ಅದನ್ನು ಹಳೆಯ, ಹೊಸ ಎರಡು ಆಟಗಳಿಗೂ ಕೊಟ್ಟು, ಪ್ರತಿ ಟಿಕ್‌ನಲ್ಲೂ ಸ್ಥಾನ, ಆರೋಗ್ಯ, ಯಾದೃಚ್ಛಿಕ ಸಂಖ್ಯೆಯ ಪಟ್ಟಿಯಲ್ಲಿ ಎಲ್ಲಿದ್ದೇವೆ ಎಂಬುದರ ಹ್ಯಾಶ್ (ಇವೆಲ್ಲದರಿಂದ ಲೆಕ್ಕ ಹಾಕಿದ ಒಂದು ಗುರುತುಸಂಖ್ಯೆ) ತೆಗೆದು ಹೋಲಿಸಿ. ಎರಡೂ ಮೊದಲ ಬಾರಿಗೆ ಬೇರೆಯಾದ ಟಿಕ್ ಯಾವುದು ಎಂದು ಸಿಕ್ಕಿದರೆ ತಪ್ಪು ಮಾಡಿದ ಸಾಲು ಹತ್ತಿರದಲ್ಲೇ ಇರುತ್ತದೆ. ಪ್ರತಿ ರಾತ್ರಿ ಬಿಲ್ಡ್ (ಕೋಡ್‌ನಿಂದ ಓಡುವ ಆಟ) ಸಿದ್ಧವಾದ ಮೇಲೆ ಇದು ತಾನೇ ಓಡುವಂತೆ ಇಡಿ.

ನೈಜ ಮೋಡ್ ಬೇಕೆಂದವರಿಗೆ ಅದನ್ನೂ ಕೊಡಿ, ಪೂರ್ತಿಯಾಗಿ ಕೊಡಿ. ಒದ್ದೆ ರಸ್ತೆಯಲ್ಲಿ 60 ಕಿ.ಮೀ.ಯಿಂದ ನಿಲ್ಲಲು 35 ಮೀಟರ್, 6 ಶೇಕಡಾ ಇಳಿಜಾರಿನಲ್ಲಿ 42 ಮೀಟರ್ ಬೇಕು ಎಂಬ ಲೆಕ್ಕದ ಮೇಲೆ ಕಟ್ಟಿದ ಘಾಟಿ ಆಟವನ್ನು ಆಡಲು ನಮಗೂ ಆಸೆಯಿದೆ. ಮೊದಲ ಮಳೆಗೆ ಎಣ್ಣೆ, ಧೂಳು ಸೇರಿ ಜಾರುವ ರಸ್ತೆ, ಬಿಸಿಲು ಬೀಳದ ತಿರುವಿನ ಪಾಚಿ, ಇವೆಲ್ಲ ಬಂದರೆ ಚಂದ. ಆದರೆ ಅದಕ್ಕೆ ಅದರದೇ ಗಡುವು, ಅದರದೇ ಎದುರಾಳಿಗಳ ವೇಗ, ಅದರದೇ ದಾಖಲೆಪಟ್ಟಿ ಇರಲಿ. ಮೂಲ ಮೋಡ್‌ನ ಸಮಯದ ಪಕ್ಕದಲ್ಲಿ ಅದರ ಸಮಯವನ್ನು ಇಡಬೇಡಿ.

ಹೇಗೆ ಮಾಡಬೇಕು ಎನ್ನುವುದಕ್ಕೆ 2017ರ ಯುದ್ಧತಂತ್ರದ ಆಟ ಸ್ಟಾರ್‌ಕ್ರಾಫ್ಟ್ ರೀಮಾಸ್ಟರ್ಡ್ ಕಣ್ಣೆದುರಿಗಿದೆ. ಎಫ್5 ಒತ್ತಿದರೆ ಹಳೆಯ ಚಿತ್ರ, ಮತ್ತೆ ಒತ್ತಿದರೆ ಹೊಸದು. ಒಮ್ಮೆಗೆ 12 ಸೈನಿಕರನ್ನು ಮಾತ್ರ ಆರಿಸಬಹುದೆಂಬ ಮಿತಿಯನ್ನೂ, ದಾರಿ ಹುಡುಕುವಲ್ಲಿ ತಡವರಿಸುವ ಘಟಕಗಳನ್ನೂ ಅವರು ಬಿಟ್ಟುಕೊಡಲಿಲ್ಲ. ಆಟಗಾರರು ವರ್ಷಗಟ್ಟಲೆ ಕಲಿತ ಕೌಶಲ ಆ ಮಿತಿಗಳ ಸುತ್ತಲೇ ಬೆಳೆದಿತ್ತು. ಎದುರು ತುದಿಯಲ್ಲಿ 2020ರ ವಾರ್‌ಕ್ರಾಫ್ಟ್ 3 ರೀಫೋರ್ಜ್ಡ್ ಇದೆ. ಹೊಸದನ್ನು ಕೊಳ್ಳದವರ ಹಳೆಯ ಆಟವೂ ಅದರೊಂದಿಗೆ ಬದಲಾಗಿಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಆವೃತ್ತಿ ಬಂದ ದಿನ ಹಳೆಯದನ್ನು ಅಂಗಡಿಯಿಂದ ಇಳಿಸಬೇಡಿ, ಹೊಸದರ ಜೊತೆಗೇ ಕೊಡಿ.

ಕೊಡಗಿನವರಾಗಿ ಇನ್ನೂ ಮೂರು ಬೇಡಿಕೆ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ, ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಒಬ್ಬರೇ ಆಡುವ ಹಳೆಯ ಆಟಕ್ಕೆ ಸದಾ ಇಂಟರ್ನೆಟ್ ಬೇಕೆಂಬ ಷರತ್ತು ಹಾಕಬೇಡಿ. ಸೇವ್ ಫೈಲನ್ನು ನೇರವಾಗಿ ಹಳೆಯದರ ಮೇಲೆ ಬರೆಯಬೇಡಿ. ಹೊಸ ಹೆಸರಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಇಳಿದ ಮೇಲೆ ಹೆಸರು ಬದಲಿಸಿ. ಬರೆಯುವ ನಡುವೆ ಕರೆಂಟ್ ಹೋದರೂ ಹಿಂದಿನ ಸೇವ್ ಉಳಿಯುತ್ತದೆ. ಜೊತೆಗೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಕಡಿಮೆ ಸೆಟ್ಟಿಂಗ್‌ಗೆ ಸ್ಥಿರವಾಗಿ 60 ಫ್ರೇಮ್ ಬರಲೇಬೇಕು. 1990ರ ದಶಕದ ಆಟಕ್ಕೆ ಅಷ್ಟೂ ಆಗದಿದ್ದರೆ ಮೂಗಿಗಿಂತ ಮೂಗುತಿ ಭಾರವಾಯಿತು.

ನಿಮ್ಮ ಬಳಿ ಬಿಡುಗಡೆಗೆ ಮುಂಚಿನ ಬಿಲ್ಡ್ ಇದ್ದರೆ ಕಳಿಸಿ. ಮೂಲ ಆಟ ಆಡಿದವರು ಒಂದು ಗುಂಪು, ಅದನ್ನು ಕಂಡೇ ಇಲ್ಲದ ಹೊಸಬರು ಇನ್ನೊಂದು ಗುಂಪು, ಎರಡರಿಂದಲೂ ಆಡಿಸಿ, ಯಾವ ಬದಲಾವಣೆ ಯಾರ ಕೈಗೆ ತೊಡಕಾಯಿತು ಎಂದು ಫ್ರೇಮ್ ಲೆಕ್ಕದ ಸಮೇತ ಬರೆದು ಕಳಿಸುತ್ತೇವೆ. ಕೀ ದಾಖಲೆಗಳನ್ನೂ ಜೊತೆಗಿಡುತ್ತೇವೆ. ನೀವು ಕಳಿಸುವ ಬಿಲ್ಡ್‌ನಲ್ಲಿ ದಾಖಲೆ ಮಾಡುವ ಸೌಲಭ್ಯ ಚಾಲೂ ಇರಲಿ.

ಇಂತಿ,
ಕೊಡಗಿನ ಹಳೆಯ ಆಟಗಳ ಆಟಗಾರರು ಮತ್ತು ಮಾಡ್ ಮಾಡುವವರು
ಮಡಿಕೇರಿ